ಎಲ್ಲರಿಗೂ ಒಂದೇ ‘ಯೂ’

ನೋಡಿ, ಒಬ್ಬ ಸಾಹುಕಾರ ಇದ್ದ. ಯಾವೂರು ಅಂತ ಕೇಳಬೇಡಿ, ಅವನ ನೆಂಟರು ಇಲ್ಲೇ ಮೂರನೇ ಸಾಲಲ್ಲಿ ಕೂತಿದ್ದಾರೇನೋ. ಅವನು ಎಂಟ್ರಿ ಕೊಟ್ರೆ ಧೂಳೂ ಎದ್ದು ನಿಲ್ಲಬೇಕು, ಹಂಗಿದ್ದ. ಎಲ್ಲರೂ ಅವನಿಗೆ ‘ನೀವು’ ಅನ್ನಬೇಕು. ಅವನು? ಎಲ್ಲರಿಗೂ ‘ಏಯ್’. ಡ್ರೈವರಿಗೆ ಏಯ್, ಹಾಲಿನವನಿಗೆ ಏಯ್, ಅಡುಗೆಯಮ್ಮನಿಗಂತೂ ಹದಿನೆಂಟು ವರ್ಷದಿಂದ ಏಯ್. ಆದ್ರೆ ಆಯಮ್ಮ ಮಾಡಿದ ಉಪ್ಸಾರು ಬಿಟ್ರೆ ಬೇರೆ ಯಾರ ಕೈ ಊಟನೂ ಅವನ ಹೊಟ್ಟೆಗೆ ಆಗ್ತಿರಲಿಲ್ಲ. ಇದನ್ನ ನೆನಪಿಟ್ಕೊಳ್ಳಿ, ಕ್ಲೈಮ್ಯಾಕ್ಸಲ್ಲಿ ಬೇಕಾಗುತ್ತೆ.

ಒಂದಿನ ಅವನಿಗೆ ಕ್ಲಬ್ಬಲ್ಲಿ ಇಂಗ್ಲಿಷ್ ಭಾಷಣ ಬಿಗಿಯೋ ಆಸೆ ಬಂತು. ಮೇಷ್ಟ್ರನ್ನ ಕರೆಸಿದ. ಮೊದಲ ಪ್ರಶ್ನೆನೇ ಏನು ಗೊತ್ತಾ?

“ನನ್ನಂಥೋರಿಗೆ ಏನನ್ನಬೇಕು?”

“ಯೂ.”

“ನನ್ನ ಡ್ರೈವರಿಗೆ?”

“ಯೂ.”

“ಅವನಿಗೂ ಅದೇನಾ? ಏನ್ರೀ ಇದು, ಭಾಷೆಯೋ ಛತ್ರದ ಪಂಕ್ತಿಯೋ?”

ಮೇಷ್ಟ್ರು ನಕ್ಕರು. “ಸ್ವಾಮಿ, ಇಂಗ್ಲಿಷಿನೋರಲ್ಲೂ ಹಿಂದೆ ‘ನೀನು’ ಇತ್ತು, ‘ದೌ’ ಅಂತ. ‘ಯೂ’ ಹಲವರಿಗೆ, ಆಮೇಲೆ ದೊಡ್ಡೋರಿಗೆ. ಬರ್ತಾ ಬರ್ತಾ ಎದುರು ಸಿಕ್ಕಿದೋರಿಗೆಲ್ಲ ‘ಯೂ’ ಅಂದೇ ಅಂದ್ರು. ‘ದೌ’ಗೆ ಕೆಲಸ ಹೋಯ್ತು, ಈಗ ಹಳೇ ಪ್ರಾರ್ಥನೆಲಿ ದೇವರ ಜೊತೆ ಕೂತಿದೆ. ನಿಮ್ಮನ್ನ ಯಾರೂ ಕೆಳಗಿಳಿಸಿಲ್ಲ. ಡ್ರೈವರು ಮೇಲೆ ಹತ್ತಿದಾನೆ, ಅಷ್ಟೇ.”

ಸಾಹುಕಾರನಿಗೆ ನಾಟ್ತು. ಸೀದಾ ಅಡುಗೆಮನೆಗೆ ಹೋದ. ಗಂಟಲು ಸರಿಮಾಡ್ಕೊಂಡ.

“ಏ... ನೀವು... ಸ್ವಲ್ಪ ಊಟ ಬಡಿಸ್ತೀರಾ?”

ಸೌಟು ಕೆಳಗೆ ಬಿತ್ತು. ಸ್ಲೋ ಮೋಷನಲ್ಲಿ ಬಿತ್ತು ಅಂತಿಟ್ಕೊಳ್ಳಿ. ಆಯಮ್ಮ ಎಲೆಅಡಿಕೆ ಚೀಲ ಎತ್ಕೊಂಡು ಬಾಗಿಲ ಕಡೆ ಹೊರಟ್ರು.

“ಎಲ್ಲಿಗೆ?”

“ಮನೆಗೆ. ಕೆಲಸದಿಂದ ತೆಗೀಬೇಕು ಅಂತಿದ್ರೆ ನೇರ ಹೇಳ್ರಿ ಯಜಮಾನ್ರೇ. ಹಿಂಗೆಲ್ಲ ಯಾಕೆ ಬೈತೀರ?”

ನೋಡಿದ್ರಾ? ಮರ್ಯಾದೆ ಕೊಟ್ರೆ ಬೈಗುಳದ ಥರ ಕೇಳಿಸ್ತು. ಸಾಹುಕಾರ ಹಿಂದೆ ಓಡಿದ. ಹೆಸರು ಹಿಡಿದು ಕೂಗೋಣ ಅಂದ್ರೆ ಹೆಸರೇ ಗೊತ್ತಿಲ್ಲ. ಹದಿನೆಂಟು ವರ್ಷ ಕಣ್ರೀ. ಗೇಟಲ್ಲಿ ಅಡ್ಡ ನಿಂತು ಕೈ ಮುಗಿದ.

“ತಾಯಿ, ನಿಮ್ಮ ಹೆಸರೇನು?”

“ಚೆನ್ನಾಜಮ್ಮ.”

“ಚೆನ್ನಾಜಮ್ಮನೋರೇ, ನೀವು ಹೋದ್ರೆ ನಾನು ಉಪವಾಸ.”

ಆಯಮ್ಮ “ಇನ್ನೊಂದ್ಸಲ ಅನ್ನಿ” ಅಂದ್ರು. ಅಂದ. ಚೀಲ ಒಳಗೆ ಬಂತು.

ನಕ್ಕಿದ್ದು ಸಾಕು. ಈಗ ಕ್ಯಾಮೆರಾ ನಿಮ್ಮ ಕಡೆ. ಹೊರಗೆ ನಿಮ್ಮ ಚಪ್ಪಲಿ ಕಾಯ್ತಾ ಒಬ್ಬರು ಕೂತಿದ್ದಾರೆ. ಅವರ ಹೆಸರು ಗೊತ್ತಾ? ಹೋಗ್ತಾ ಕೇಳಿ. ‘ನೀವು’ ಅನ್ನಿ. ಬೆಳಗ್ಗೆ ಕಸ ತಗೊಂಡು ಹೋಗೋರಿಗೆ ಅನ್ನಿ, ಮನೆ ಒರೆಸೋರಿಗೆ ಅನ್ನಿ. ಅವರು ಹೆದರ್ಕೊಂಡ್ರೆ, ಇಷ್ಟು ದಿನ ನೀವು ಹೆಂಗಿದ್ರಿ ಅಂತ ಅರ್ಥ. ಆದ್ರೂ ಬಿಡಬೇಡಿ. ನಾಳೆನೂ ಅನ್ನಿ, ನಾಡಿದ್ದೂ ಅನ್ನಿ. ಅವರ ಹೆದರಿಕೆ ಹೋಗೋ ತನಕ ಅನ್ನಿ.