ಹೇಳಿದ ದಿನಕ್ಕೆ ಬಟ್ಟೆ ಕೊಡದ ಟೈಲರ್

ಮಾನ್ಯ ಅಧ್ಯಕ್ಷರಾದ ನಿವೃತ್ತ ನ್ಯಾಯಾಧೀಶರೇ, ಮುಖ್ಯ ಅತಿಥಿಗಳಾದ ವಕೀಲಮ್ಮನವರೇ, ಹೆಣ್ಣುಮಕ್ಕಳ ರಕ್ಷಣಾ ಸಮಿತಿಯ ಹಿರಿಯರೇ, ಮತ್ತು ನನ್ನ ಅಂಗಡಿಯಿಂದ ಇನ್ನೂ ಬಟ್ಟೆ ಬರಬೇಕಾಗಿರುವ ಸಭಿಕರೇ,

ನನ್ನ ಸನ್ಮಾನಕ್ಕೆ ನಾನೇ ತಡವಾಗಿ ಬಂದೆ. ಕ್ಷಮೆ ಕೇಳುವುದಿಲ್ಲ. ನೀವು ನನ್ನನ್ನು ಸನ್ಮಾನಿಸುತ್ತಿರುವುದೇ ತಡ ಮಾಡಿದ್ದಕ್ಕೆ! ಮಾನಪತ್ರದಲ್ಲಿ ನನ್ನನ್ನು 'ಧೀರ' ಎಂದಿದ್ದೀರಿ. ಗಿರಾಕಿ ಬೈಯಲು ಬಂದರೆ ಮಷೀನಿನ ಕೆಳಗೆ ಬಗ್ಗಿ ಸೂಜಿ ಹುಡುಕುವವನು ಧೀರನೇ?

ನಡೆದದ್ದು ಇಷ್ಟು. ಈ ವಕೀಲಮ್ಮನಿಗೆ ಆಗ ಹದಿನಾಲ್ಕು ವರ್ಷ. ಮದುವೆ ಗೊತ್ತಾಗಿತ್ತು. ಗಂಡಿನ ತಾಯಿ ಬೆಲೆಬಾಳುವ ಬಟ್ಟೆ ಕಳಿಸಿ, ಹುಡುಗಿ ಅದನ್ನೇ ತೊಡಬೇಕು, ಇಲ್ಲದಿದ್ದರೆ ಮದುವೆಯೇ ಬೇಡ ಎಂದು ಹಟ ಹಿಡಿದಿದ್ದರು. ಹುಡುಗಿಯ ದೊಡ್ಡಪ್ಪ ಅವಳನ್ನು ಅಂಗಡಿಗೆ ಕರೆತಂದರು. ನಾನು ಬಾಯಿ ತಪ್ಪಿ, "ಇನ್ನೂ ಚಿಕ್ಕ ಹುಡುಗಿ ಅಲ್ವಾ ಸ್ವಾಮಿ?" ಅಂದೆ.

"ನಮ್ಮ ಧರ್ಮದ ಕಾನೂನು ಒಪ್ಪುತ್ತೆ. ಸರ್ಕಾರದ್ದು ಸರ್ಕಾರದ ಹತ್ರಾನೇ ಇರ್ಲಿ. ನೀನು ಅಳತೆ ತಗೋ, ವಯಸ್ಸು ಕೇಳ್ಬೇಡ."

ನನ್ನದೂ ಅದೇ ಧರ್ಮ. ತೆಪ್ಪಗೆ ಟೇಪು ಹಿಡಿದೆ. ಧೀರ ನೋಡಿ!

ಫೋನ್ ಬಂತೆಂದು ದೊಡ್ಡಪ್ಪ ಹೊರಗೆ ಹೋದರು. ಹುಡುಗಿ ಮೆಲ್ಲಗೆ ಕೇಳಿದಳು, "ಎಷ್ಟು ದಿನ ಬೇಕು ಮಾಮ?"

"ಎರಡು ದಿನ ಸಾಕು ಮಗು."

"ಜಾಸ್ತಿ ಆಗಲ್ವಾ?"

ಸಭಿಕರೇ, ನಿಮ್ಮಲ್ಲಿ ಯಾರಾದರೂ ಟೈಲರಿಗೆ ಈ ಪ್ರಶ್ನೆ ಕೇಳಿದ್ದುಂಟೇ?

"ನಮ್ಮ ಸೋದರತ್ತೆ ಕೋರ್ಟಿಗೆ ಹೋಗಿದಾರೆ. ಮದುವೆ ನಿಲ್ಲಿಸೋ ಆರ್ಡರ್ ಇನ್ನೂ ಬಂದಿಲ್ಲ. ನೀವು ಹೇಳಿದ ದಿನ ಕೊಡಲ್ಲ ಅಂತ ಎಲ್ಲರೂ ಬೈತಾರಲ್ಲ, ಅದಕ್ಕೇ ಹಟ ಮಾಡಿ ನಿಮ್ಮ ಅಂಗಡಿಗೇ ಬಂದೆ," ಅಂದಳು.

ನನಗೆ ಹೆಮ್ಮೆಯಾಯಿತು, ಸುಳ್ಳೇಕೆ ಹೇಳಲಿ? ನನ್ನ ಸೋಮಾರಿತನವನ್ನು ನಂಬಿ ಬಂದವಳು ಅವಳೊಬ್ಬಳೇ.

ಮೊದಲು ಬಣ್ಣಕ್ಕೆ ಹೊಂದುವ ದಾರ ಸಿಗಲಿಲ್ಲ. ಆಮೇಲೆ ಮಷೀನು ಕೆಟ್ಟಿತು. ಕೆಡಿಸಿದವರು ಯಾರೆಂದು ಕೇಳಬೇಡಿ. ಕೊನೆಗೆ ಎರಡೂ ತೋಳನ್ನು ಎಡಗೈಗೇ ಕತ್ತರಿಸಿದೆ. ಮದುವೆ ಮುಂದಕ್ಕೆ ಹೋಯಿತು, ಮತ್ತೂ ಮುಂದಕ್ಕೆ ಹೋಯಿತು. ದೊಡ್ಡಪ್ಪ ನನ್ನ ಕೊರಳಪಟ್ಟಿ ಹಿಡಿದು, "ನೀನೂ ಒಬ್ಬ ಟೈಲರಾ?" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದರು.

"ನಂಗೂ ಅದೇ ಅನುಮಾನ ಸ್ವಾಮಿ. ನಾಳೆ ಬನ್ನಿ," ಅಂದೆ.

ಆ ನಾಳೆಯೇ ಆದೇಶ ಬಂತು. ಅಧ್ಯಕ್ಷರು ಬೇಸರಿಸಬಾರದು, ನನಗಿಂತ ನಿಧಾನ ಅಂದರೆ ನಿಮ್ಮ ಕೋರ್ಟು ಮಾತ್ರ.

ನಮ್ಮಪ್ಪನೂ ಟೈಲರ್. ಅವರು ನನ್ನ ಹಾಗಲ್ಲ. ಹೇಳಿದ ದಿನ ಅಂದರೆ ಹೇಳಿದ ದಿನ. ನನ್ನ ಮದುವೆಗೆ ಹೆಣ್ಣಿನ ಬಟ್ಟೆ ಹೊಲಿದವರು ಅವರೇ, ಅದೂ ವಾರ ಮುಂಚೆ. ಹೆಣ್ಣಿಗೆ ಹದಿಮೂರು. ಮುಂದೆ ಬೆಳೆಯುತ್ತಾಳೆ ಎಂದು ಒಳಗೆ ನಾಲ್ಕು ಬೆರಳು ಬಟ್ಟೆ ಮಡಿಸಿ ಹೊಲಿದಿದ್ದರು. ವರ್ಷ ವರ್ಷ ಆ ಹೊಲಿಗೆ ಬಿಚ್ಚಿ ಅಗಲ ಮಾಡಿಕೊಟ್ಟವನು ನಾನು. ಅಯ್ಯೋ, ಇದನ್ನೇಕೆ ಹೇಳುತ್ತಿದ್ದೇನೆ? ಅವಳು ಮುಂದಿನ ಸಾಲಿನಲ್ಲೇ ಕೂತಿದ್ದಾಳೆ.

ಇವತ್ತು ತಡವಾದದ್ದೂ ಅವಳಿಂದಲೇ. ಹೊರಡುವಾಗ ನನ್ನ ಅಂಗಿಯ ಗುಂಡಿ ಹಾಕುತ್ತ, "ನನ್ನ ಮದುವೆ ಬಟ್ಟೇನೂ ನೀವೇ ಹೊಲೀಬೇಕಿತ್ತು ಕಣ್ರೀ," ಅಂದಳು. ಮೆಟ್ಟಿದ್ದ ಚಪ್ಪಲಿ ಬಿಚ್ಚಿ ಅವಳ ಪಕ್ಕದಲ್ಲೇ ಕೂತುಬಿಟ್ಟೆ.

ಕಾದು ಕೂತು ಕೇಳಿದ ನಿಮಗೆಲ್ಲ ಧನ್ಯವಾದ. ಬಟ್ಟೆ ಬಾಕಿ ಇರುವವರು ನಾಳೆ ಬನ್ನಿ. ನಮಸ್ಕಾರ.