ಬಣ್ಣ ಜಾರಿದ ಛತ್ರಿ

...ಅದಿರ್ಲಿ, ಮೊದಲ ಬಾಗಲಾ ಮುಂದ ಮಾಡು. ಚಿಲಕಾ ಹಾಕು. ಹಾಂ. ಈಗ ಆಣಿ ಮಾಡು. ಬ್ಯಾಡ, ಯೇಸುಸ್ವಾಮಿ ಮ್ಯಾಲ ಬ್ಯಾಡ, ಅಂವ ಎಲ್ಲಾರಿಗೂ ಕ್ಷಮಾ ಮಾಡ್ತಾನಂತ ನೀವ ಹಾಡ್ತೀರಿ. ನಿನ್ನ ಮಗಳ ತಲಿ ಮ್ಯಾಲ ಮಾಡು. ಈ ಸಕೀನಾಬಿ ಹೇಳಿದ್ದು ಈ ಅಡಗಿಮನಿ ದಾಟಬಾರ್ದು. ಯಾಕ ನಗ್ತಿ? ಓಣಿ ಮಾತು ನಾ ಹೊರಗ ಹಾಕೂದು ಬ್ಯಾರೆ. ನನ್ನ ಮಾತು ನೀ ಹೊರಗ ಹಾಕೂದು ಬ್ಯಾರೆ.

ಮಾಡಿದಿ? ಆತು. ಚಾ ಕುಡಿ.

ಅಲ್ಲ ಪುಷ್ಪಾ, ನಿನಗ ಬುದ್ಧಿ ಐತೋ ಇಲ್ಲೋ? ನಲವತ್ತ ವರ್ಷದ ಮ್ಯಾಲ ನಿಮ್ಮಪ್ಪ ಮೇಡ್ಲೇರಿಂದ ಫೋನ್ ಮಾಡಿ, ಈ ಕ್ರಿಸ್ಮಸ್ಸಿಗರ ಮನಿಗೆ ಬರ್ಲೇನು ಮಗಳ ಅಂದ್ರ, ಚಂಜಿಗೆ ಹೇಳ್ತೇನಿ ಅಂದಿ? ಇದರಾಗ ಚಂಜಿ ಏನು, ಮುಂಜಾನೆ ಏನು? ಅಂವ ಹೊಸ್ತಲಾ ತುಳದ್ರ ನಾ ಮನಿ ಬಿಡ್ತೇನಿ ಅಂತ ನಿಮ್ಮವ್ವ ಅಂದಾಳಲ್ಲ. ಎಪ್ಪತ್ತೈದರ ಮುದಿಕಿ, ಎಲ್ಲಿ ಹೋಗ್ಬೇಕು? ಬ್ಯಾಡಂತ ಹೇಳು. ಮುಗೀತು.

...ಏನಂದಿ? ಖರೇನ ಮೇಡ್ಲೇರ್ಯಾಗ ಅಪ್ಪಗ ಇನ್ನೊಬ್ಬಾಕಿ ಇದ್ಲೇನು ಅಂತ ಕೇಳಾಕ ಬಂದೀದಿ? ನನ್ನ ಕಡೆ? ಕೇಳು ಮತ್ತ. ನಿನಗ ಆಗ ಏಳು, ನನಗ ಒಂಬತ್ತು. ಕರ್ಚಿಕಾಯಿ ಬಿಟ್ರ ನಿನಗೇನ ನೆನಪಿರ್ತೈತಿ.

ನಿಮ್ಮಪ್ಪ, ಸಮುವೇಲ ಕಾಕಾ, ಪಂಪ್‌ಸೆಟ್ ರಿಪೇರಿಯಾಂವ. ಶುಕ್ರವಾರ ಮೇಡ್ಲೇರಿಗೆ ಹೋದ್ರ ಹೊಳಿದಂಡಿ ಮೋಟರ್ ಎಲ್ಲಾ ನೋಡಿ, ಅಲ್ಲೇ ವಸ್ತಿ ಮಾಡಿ, ಶನಿವಾರ ಬರಾಂವ. ಕ್ರಿಸ್ಮಸ್ ಬಂತಂದ್ರ ನಿಮ್ಮ ಮನಿಗೆ ಒಂದ ಥಾನು ಅರಿಬಿ. ಅವ್ವಗ ಜಂಪರು, ನಿನಗ ಫ್ರಾಕು, ನಿಮ್ಮಣ್ಣ ವಿಜಯಗ ಅಂಗಿ, ಎಲ್ಲಾ ಅದರಾಗ. ಚರ್ಚಿಗೆ ಹೊಂಟ್ರ ಬ್ಯಾಂಡ್ ಕಂಪನಿ ಹೊಂಟಾಂಗ. ಮುಂಜಾನೆ ನೀವ ಏಳೂದರಾಗ ಮಡಚಿದ ಅರಿಬಿ ದಿಂಬಿನ ಬಾಜೂ ಇಟ್ಟಿರತಿದ್ದ, ಮ್ಯಾಲೊಂದ ಆಟಿಗಿ ಸಾಮಾನು. ಕೀಲಿ ಕೊಟ್ರ ಡೋಲ ಬಡಿಯೂ ಮಂಗ್ಯಾ ಒಂದ ವರ್ಷ. ನೀ ಅದನ್ನ ಕಟ್ಟಿಗೆ ತಂದು ಕುಣಸಾಕಿ, ಓಣಿ ಹುಡುಗ್ರೆಲ್ಲಾ ಕೈ ಕಟ್ಟಿಕೊಂಡು ನೋಡಾವ್ರು. ಸಕೀನಾ ಮುಟ್ಟಬ್ಯಾಡ, ಕೀಲಿ ಕೆಡತೈತಿ ಅಂದಿದ್ದಿ. ನೆನಪಿಲ್ಲೇನು? ನಿನಗ ಹೆಂಗ ನೆನಪಿದ್ದೀತು. ಅನ್ನಿಸಿಕೊಂಡಾಕಿ ನಾನು.

ಆ ಅರಿಬಿ ಹೊಲಿಯಾಂವ ನಮ್ಮಬ್ಬಾ, ಶಮಶೇರಸಾಬ. ಕಾಜಾ ಮಾಡಿ ಗುಂಡಿ ಹಚ್ಚಾಕಿ ಯಾರು? ಮೂರನೇ ಇಯತ್ತೆಕ್ಕ ಸಾಲಿ ಬಿಡಿಸಿ ಮಷಿನ್ ಬಾಜೂ ಕುಂದ್ರಿಸಿದ್ರು ನನ್ನ. ನಿನ್ನ ಹಬ್ಬದ ಫ್ರಾಕು ನಿನಗಿಂತ ಮೊದಲ ನನ್ನ ತೊಡಿ ಮ್ಯಾಲ ಇರತಿತ್ತು. ಇರ್ಲಿ ಬಿಡು.

ಆ ವರ್ಷ ಕಾಕಾ ಸೊಲ್ಲಾಪುರದಿಂದ ತಂದ. ಬಿಳಿ ಅರಿಬಿ, ಮ್ಯಾಲ ಸಣ್ಣ ಸಣ್ಣ ಕೆಂಪ ಛತ್ರಿ. ಅಚ್ಚು ತಪ್ಪಿದ ಮಾಲು. ಛತ್ರಿ ಗೆರಿ ಒಂದ ಕಡೆ, ಕೆಂಪ ಬಣ್ಣ ಒಂದ ಬಟ್ಟು ಆಚೆ. ಸೋವಿ ಸಿಕ್ಕಿತ್ತು. ಮಳ್ಯಾಗ ಬಣ್ಣ ಜಾರೇತಿ ಅಂತ ನಿಮಗ ನಂಬಿಸಿದ. ಮಿಲ್ಲಿನ್ಯಾಗ ಇದ್ದದ್ದ ಇಷ್ಟು, ಇಂಥಾದ್ದು ಇನ್ನೊಬ್ಬರ ಮೈಮ್ಯಾಲ ರಾಣೆಬೆನ್ನೂರಾಗ ಅಲ್ಲ, ಎಲ್ಲೂ ಕಾಣಾಂಗಿಲ್ಲ ಅಂತ ಓಣಿ ತುಂಬ ಹೇಳಿಕೋತ ತಿರಗಿದ. ತನ್ನ ಬಾಯಿಲೆ ತಾನ ಕೆಟ್ಟ.

ನಿಮ್ಮವ್ವನ ಜಂಪರಿಗೆ ಅರಿಬಿ ಸಾಲಲಿಲ್ಲ. ಹತ್ತ ಮೀಟರ್ ಕೊಟ್ಟೇನಿ ಅಂದ ಕಾಕಾ, ಎಂಟ ಬಂದೈತಿ ಅಂದ ಅಬ್ಬಾ. ಹಬ್ಬದಾಗ ಜಗಳ ಬ್ಯಾಡಂತ ನಿಮ್ಮವ್ವ ಸುಶೀಲವ್ವ ಹಳೇ ಜಂಪರ್ ಹಾಕ್ಕೊಂಡು ಚರ್ಚಿಗೆ ಹೋದ್ಲು. ಒಂದ ವಾರ ಆಗಿತ್ತೋ ಇಲ್ಲೋ, ಹಾವೇರಿಯಿಂದ ನಿಮ್ಮ ದೊಡ್ಡವ್ವ ಮಂಗಳವ್ವ ಬಂದ್ಲು. ಮೇಡ್ಲೇರಿ ಕಡೆ ಏನೋ ಕೆಲಸಕ್ಕ ಹೋಗಿದ್ಲಂತ. ಬಸ್ಸಿನ ಕಿಟಕ್ಯಾಗಿಂದ ಕಂಡ್ಲಂತ... ಹೊಳಿ ದಾರ್ಯಾಗ ಒಂದ ಹುಡಿಗಿ ಬೆನ್ನ ತಿರವಿ ಹೊಂಟಿತ್ತು, ಮೈಮ್ಯಾಲ ಅದ ಛತ್ರಿ, ಅದ ಜಾರಿದ ಬಣ್ಣ.

ಇನ್ನೇನ ಬೇಕು? ಎರಡ ಮೀಟರ್ ಎಲ್ಲಿ ಹೋತು ಗೊತ್ತಾತು. ಶುಕ್ರವಾರದ ವಸ್ತಿ ಯಾರ ಮನ್ಯಾಗ, ಆ ಹುಡಿಗಿ ಯಾರ ಕೂಸು ಅನ್ನೂದೂ ಗೊತ್ತಾತು. ಕಾಕಾ ಅತ್ತ. ಅಲ್ಲಿ ಯಾರೂ ಇಲ್ಲಂತ ಬೈಬಲ್ ಮುಟ್ಟಿ ಹೇಳಿದ. ನಿಮ್ಮವ್ವ ಅವನ ಟ್ರಂಕ್ ತಂದು ಕಟ್ಟಿ ಮ್ಯಾಲ ಇಟ್ಲು. ಹೋದ. ಎಲ್ಲಿಗೆ ಹೋದ? ಮೇಡ್ಲೇರಿಗೆ. ನೋಡ್ರಿ, ನೆಟ್ಟಗ ಆಕಿ ಕಡೆ ಹೋದ ಅಂದ್ರು ಓಣ್ಯಾಗ. ಮುಂದ ಪ್ರತಿ ವರ್ಷಾ ಹಬ್ಬಕ್ಕ ನಿಮಗ ಗಂಟು ಕಳಿಸಾಂವ, ನಿಮ್ಮವ್ವ ಬಿಚ್ಚದ ತಿರಗಿ ಕಳಸಾಕಿ. ಛಲೋ ಮಾಡಿದ್ಲು. ತನ್ನ ಮಕ್ಕಳ ಹಬ್ಬದ ಅರಿಬಿ ಹರದು ಮತ್ತೊಂದ ಕೂಸಿಗೆ ಕೊಟ್ಟಾಂವಗ ಆರತಿ ಎತ್ತಬೇಕಿತ್ತೇನು? ಆ ಫ್ರಾಕರ ಏನ್ ಚಂದಿತ್ತಂತಿ? ಬೆನ್ನಾಗ ಮೂರ ತುಂಡ ಜೋಡಿಸಿದ್ದು. ಬಗಲಾಗ ಹೊಲಿಗಿ ಚುಚ್ಚತಿತ್ತು, ಕೈ ಎತ್ತಾಕ ಬರ್ತಿದ್ದಿಲ್ಲ...

ಯಾಕ ಹಂಗ ನೋಡ್ತಿ?

ನಿಮ್ಮ ದೊಡ್ಡವ್ವ ಹೇಳಿದ್ಲು. ಕಿಟಕ್ಯಾಗಿಂದ... ಬಗಲಾಗ ಚುಚ್ಚೂದು ಕಿಟಕ್ಯಾಗಿಂದ ಕಾಣಾಂಗಿಲ್ಲ, ಗೊತ್ತೈತಿ ನನಗ. ಟೇಲರ್ ಮಗಳು ನಾ, ಅಂದಾಜಿಲೆ ಹೇಳಿದೆ. ಚಾ ಆರಾಕತ್ತೈತಿ. ಪುಷ್ಪಾ. ಹಂಗ ನೋಡಬ್ಯಾಡ ಅಂದ್ನೆಲ್ಲ.

ಹೂಂ. ನಾನ. ಆತಿಲ್ಲೋ? ಆ ಹುಡಿಗಿ ನಾನ!

ಗುಂಡಿ ಹಚ್ಚಿ ಹಚ್ಚಿ ಬಟ್ಟೆಲ್ಲಾ ಚುಚ್ಚಿಸಿಕೊಂಡಿದ್ದೆ. ಒಂದ ವರ್ಷರ ನನಗೂ ಹಂತಾದ್ದು ಬೇಕಂತ ಅಬ್ಬಾನ ಕಾಲ ಹಿಡಕೊಂಡು ಅತ್ತೆ. ಅಂವ ಹೂಂ ಅನ್ಲಿಲ್ಲ, ಊಹೂಂ ಅನ್ಲಿಲ್ಲ, ನಿಮ್ಮವ್ವನ ಪಾಲಿನ ಅರಿಬ್ಯಾಗ ಕತ್ರಿ ಹಾಕಿದ. ಓಣ್ಯಾಗ ಹಾಕ್ಕೋಬ್ಯಾಡ, ನಿಮ್ಮಮ್ಮನ ತವರಾಗ, ನಾನಿ ಊರಾಗ ಹಾಕ್ಕೋ ಅಂದ. ನಮ್ಮ ನಾನಿ ಊರು ಯಾವುದು ಹೇಳು? ಮೇಡ್ಲೇರಿ. ಮುಚ್ಚಿಡಾಕಂತ ಅಲ್ಲಿಗೇ ಒಯ್ದೆ ನಾನು.

ಗದ್ದಲ ಎದ್ದ ದಿನಾ ಅಬ್ಬಾ ಅದನ್ನ ಒಲಿಗೆ ಹಾಕಿದ. ಬಾಯಿ ಬಿಟ್ಟಿ ಅಂದ್ರ ಅಂಗಡಿ ಮುಚ್ಚತೈತಿ, ಅರಿಬಿ ಕದ್ದ ಟೇಲರ್ ಕಡೆ ಯಾರ ಬರ್ತಾರ ಅಂದ. ಒಂಬತ್ತ ವರ್ಷದಾಕಿ ಏನ ಮಾಡ್ಲಿ?

...ಹಾಂ. ಆಮ್ಯಾಲ ನನಗ ಒಂಬತ್ತ ಇರಲಿಲ್ಲ. ಅದನ್ನ ಕೇಳಾಕತ್ತಿ ನೀ, ಕಣ್ಣಿಲೆ ಕೇಳಾಕತ್ತಿ. ಅಬ್ಬಾ ಹೋದ ಮ್ಯಾಲೂ ಅಂಗಡಿ ಐತಿ, ತಮ್ಮ ಅಜೀಮ ಕುಂದರ್ತಾನ, ಬೋರ್ಡಿನ ಮ್ಯಾಲ ಅಬ್ಬಾನ ಹೆಸರು. ಅದಕ್ಕ ನಾನ ಮಸಿ ಬಳೀಲೇನು?

ಇಷ್ಟ ಹೊರಗ ಬಂತಲ್ಲ, ಎಲ್ಲಾ ಬರ್ಲಿ. ನಾನಿ ಮನಿಗೆ ಹೋದಾಗೆಲ್ಲಾ ನಿಮ್ಮಪ್ಪನ್ನ ನೋಡೇನಿ. ಪಂಪಿನ ಶೆಡ್ಡಿನ್ಯಾಗ ಒಬ್ಬಾಂವ. ತಾನ ರೊಟ್ಟಿ ಬಡೀತಿದ್ದ, ಅಂಚೆಲ್ಲಾ ಹರದು ಹೋಗಿರತಿದ್ವು. ಹಗ್ಗದ ಮ್ಯಾಲ ಒಂದ ಸೀರಿ ಒಣಗಿದ್ದು ನಾ ಕಂಡಿಲ್ಲ. ನನ್ನ ಕಂಡ್ರ ಹತ್ರ ಕರದು, ಪುಷ್ಪಾ ಎಷ್ಟು ಎತ್ತರ ಆಗ್ಯಾಳವ್ವ ಅಂತ ಕೇಳತಿದ್ದ. ಇಷ್ಟು ಅಂತ ಕೈಲೆ ತೋರಸ್ತಿದ್ದೆ.

ಇಲ್ಲಿ ಬಂದ್ರ ಹೆಂಗಸ್ರು ಕೇಳ್ತಿದ್ರು, ಆಕಿ ಹೆಂಗದಾಳ ಸಕೀನಾ, ಕೆಂಪಗದಾಳೇನು? ಕೆಂಪಗದಾಳ ಅಂದೆ. ಮೂಗಿನ್ಯಾಗ ದೊಡ್ಡ ನತ್ತ ಐತಿ ಅಂದೆ. ಹುಟ್ಟಲಾರದಾಕಿಗೆ ನತ್ತ ಇಟ್ಟೆ ನಾನು. ಎಲ್ಲಾರೂ ನನ್ನ ಸುತ್ತ ಕುಂತಿದ್ರು. ಅಷ್ಟ ಜನಾ ಎಂದೂ ನನ್ನ ಸುತ್ತ ಕುಂತಿದ್ದಿಲ್ಲ, ಪುಷ್ಪಾ.

ಬೈಯ್ಯಿ. ಕಪಾಳಕ್ಕ ಹೊಡಿ. ಏನರ ಮಾಡು ಮಾರಾಯ್ತಿ...

ತಡಿ. ಯಾರೋ ಬಾಗಲಾ ಬಡಿಯಾಕತ್ತಾರ. ಕೆಮ್ಮಿದ್ದು ಕೇಳಿಸ್ತೇನು? ನಿಮ್ಮವ್ವ. ನಿನ್ನ ಹುಡಕ್ಕೊಂಡು ಬಂದಾಳ.

ಬಂದೆ ಕಾಕೀ, ತಗೀತೇನ್ರಿ!

ಎಲ್ಲಿಗೆ ಹೊಂಟಿ? ಕುಂದ್ರು ನೀ. ನೀ ಹೇಳಬ್ಯಾಡ, ನಾನ ಹೇಳ್ತೇನಿ. ನೀ ಹೇಳಿದ್ರ ಅಪ್ಪನ ಕಡೆ ಆದ್ಲು ಅಂತಾಳ, ನಂಬಾಂಗಿಲ್ಲ. ನಾ ಹೇಳಿದ್ದು ನಂಬ್ತಾಳ ಆಕಿ. ನಲವತ್ತ ವರ್ಷ ನಂಬ್ಯಾಳ. ಅತ್ತಾಗ ಸರಿ, ಬಾಗಲಾ ಬಿಡು... ಬರ್ರಿ ಕಾಕಿ, ಬರ್ರಿ. ಇಲ್ಲೇ ಕುಂದ್ರಿ. ಇಲ್ರಿ, ಚಾ ಆಮ್ಯಾಲ, ಮೊದಲ ನೀವ ಒಂದೀಟ...