ಉಸ್ತಾದ್ ಖುದಾದಾದ್ ಅಡ್ಡ ಬಿದ್ದರು

ಅಸ್ಸಲಾಮು ಅಲೈಕುಮ್. ಈ ಇಮಾಮ್‌ಬಾಡಾದ ಶೋಕಸಭೆಯಲ್ಲಿ ಸೇರಿರುವ ಹಿರಿಯರೇ, ನಮ್ಮ ಶಾಲೆಯ ಮಕ್ಕಳೇ, ಪರದೆಯ ಆಚೆ ಕುಳಿತಿರುವ ಮರ್ಜಿಯಾ ಅಕ್ಕ — ಒಂದೇ ವಾರದಲ್ಲಿ ಮಗನನ್ನೂ ಗಂಡನನ್ನೂ ಕಳೆದುಕೊಂಡ ನಿಮ್ಮೆದುರು ನನಗೆ ನಾಲಗೆ ಏಳುತ್ತಿಲ್ಲ. ಆದರೆ ಏನನ್ನೂ ಮುಚ್ಚಿಡಬೇಡ ಎಂದು ನೀವೇ ಹೇಳಿದ್ದೀರಿ.

ನಾನು ಗಣಿತ ಕಲಿಸುವವನು. ಪಕ್ಕದ ಕೋಣೆಯಲ್ಲಿ ಉಸ್ತಾದ್ ಖುದಾದಾದ್ ಧರ್ಮಪಾಠ ಹೇಳುತ್ತಿದ್ದರು. ನಡುವೆ ಬರೀ ಹಲಗೆ. ಅವರ ಪಾಠವೆಲ್ಲ ನನಗೂ ಕೇಳುತ್ತಿತ್ತು. ಒಂದು ದಿನ ಅಲ್ಲಾಹನ ನ್ಯಾಯದ ಪಾಠ. ಗಣಿಗೆ ಹೋಗುತ್ತಿದ್ದ ಅಪ್ಪನನ್ನು ನಮ್ಮ ಪಂಗಡದವನೆಂದು ಗುರುತಿಸಿ ಬಸ್ಸಿನಿಂದ ಇಳಿಸಿ ಕೊಂದಿದ್ದರಲ್ಲ — ಆ ಹುಡುಗಿ ಕೇಳಿದಳು: “ಅವನು ನ್ಯಾಯವಂತ ಅಂತೀರಿ. ಹಾಗಾದ್ರೆ ನಮ್ಮಪ್ಪ ಏನು ತಪ್ಪು ಮಾಡಿದ್ರು?”

ಉಸ್ತಾದ್ ಪುಸ್ತಕ ಮುಚ್ಚಿದ ಸದ್ದು ಕೇಳಿಸಿತು. “ಏನೂ ಮಾಡಿಲ್ಲ ಮಗಳೇ. ಅದು ಶಿಕ್ಷೆ ಅಂತ ಯಾರಾದ್ರೂ ಅಂದ್ರೆ ನನ್ನ ಹತ್ರ ಕಳಿಸು. ಕೊಂದವನು ಮನುಷ್ಯ. ಅವನ ಪಾಪ ಅಲ್ಲಾಹನ ತಲೆಗೆ ಕಟ್ಟೋದು ಬೇಡ.”

ಆಮೇಲೆ — ರೊಟ್ಟಿ ಅಂಗಡಿಯ ಸಾಲಿನಲ್ಲಿ ಬಾಂಬು ಸಿಡಿಯಿತು. ಉಸ್ತಾದರ ಮಗ ಇಸ್ಹಾಖ್ ಆ ಸಾಲಿನಲ್ಲಿದ್ದ. ಸುಟ್ಟ ಹಿಟ್ಟು, ರಕ್ತ, ಒಡೆದ ತಂದೂರು. ನಾನು ಚಾದರ ಹಿಡಿದಿದ್ದೆ. ತಂದೆ ತನ್ನ ಕೈಯಾರೆ — ಹೀಗೆ ಬಗ್ಗಿ, ಬಗ್ಗಿ — ಮಗನನ್ನು ಆಯ್ದು ಆಯ್ದು ಅದರಲ್ಲಿ ಕೂಡಿಸಿದರು.

ಕೊಂದವರನ್ನು ಹಿಡಿಯಿರೆಂದು ಹಿಮ ಬೀಳುವ ರಸ್ತೆಯಲ್ಲಿ ಶವಪೆಟ್ಟಿಗೆಗಳನ್ನಿಟ್ಟು ಕುಳಿತೆವು. ಹಿರಿಯರೊಬ್ಬರು, “ದೇವರ ಇಚ್ಛೆ, ಸಮಾಧಾನ ಮಾಡ್ಕೊಳ್ಳಪ್ಪ” ಎಂದರು. “ಆಗಾ ಸಾಹೇಬರೇ, ಹಾಗನ್ನಬೇಡಿ” ಎಂದರು ಉಸ್ತಾದ್. “ಅವನ ಹತ್ರ ನಂಗೂ ಜಗಳ ಇದೆ. ನೀನೆಲ್ಲಿದ್ದೆ ಅಂತ ಕೇಳೇ ಕೇಳ್ತೀನಿ. ಆದ್ರೆ ಬಾಂಬು ಇಟ್ಟೋನು ಅವನಲ್ಲ.”

ಅಷ್ಟರಲ್ಲಿ ಯಾರೋ ಕೂಗಿದರು — “ಅವನೇ, ಬಾಂಬಿನೋರಿಗೆ ಗುರುತು ತೋರಿಸಿದೋನು ಅವನೇ!” ದಾಳಿಂಬೆ ಮಾರುವ ಪಠಾಣ ತಾಜ್‌ಮೀರ್, ಸತ್ತವರಿಗಾಗಿ ಪ್ರಾರ್ಥಿಸಲು ಬಂದವನು. ನಮ್ಮ ಹುಡುಗರು ಅವನನ್ನು ಕೆಡವಿದರು. ಸರಳು, ಬೂಟು, ಕಲ್ಲು. ಅವನ ದವಡೆ ಮುರಿದ ಸದ್ದು ನನಗೆ ಕೇಳಿಸಿತು. ಉಸ್ತಾದ್ ಮಗನ ಪೆಟ್ಟಿಗೆ ಬಿಟ್ಟು ಓಡಿದರು. ತಾಜ್‌ಮೀರನ ಮೇಲೆ ಅಡ್ಡ ಬಿದ್ದರು. “ನನ್ನ ಮಗನ ಹೆಸರಲ್ಲಿ ಬೇಡ! ಸಾಕ್ಷಿ ಎಲ್ಲಿ? ಸಾಕ್ಷಿ ಎಲ್ಲಿ?”

ಅವನಿಗೆಂದು ಎಸೆದ ಕಲ್ಲು ಉಸ್ತಾದರ ತಲೆಗೆ ಬಿತ್ತು.

ತಾಜ್‌ಮೀರ್ ಬದುಕಿದ. ಬಾಂಬು ಸಿಡಿದಾಗ ಅವನು ಊರಲ್ಲೇ ಇರಲಿಲ್ಲವೆಂದು ಆಮೇಲೆ ತಿಳಿಯಿತು. ಉಸ್ತಾದರಿಗೆ ಮತ್ತೆ ಎಚ್ಚರವಾಗಲಿಲ್ಲ. ಅಪ್ಪ ಮಗ ಇಬ್ಬರನ್ನೂ ಒಟ್ಟಿಗೆ ಮಣ್ಣು ಮಾಡಿದೆವು.

ಬಂಧುಗಳೇ, ಬಾಂಬಿಟ್ಟವರು ಯಾರೋ ಗೊತ್ತಿಲ್ಲ. ಆದರೆ ಉಸ್ತಾದರನ್ನು ಕೊಂದ ಕೈ ನಮ್ಮದು. ಆ ಕೈಯವನು ಈ ಸಭೆಯಲ್ಲೂ ಇರಬಹುದು. ಯಾರೂ ಆಚೀಚೆ ನೋಡಬೇಡಿ. ಮರ್ಜಿಯಾ ಅಕ್ಕ ನನ್ನ ಬಾಯಲ್ಲಿ ಹೇಳಿಸುತ್ತಿದ್ದಾರೆ: “ಎಲ್ಲಾ ಹೋದ್ಮೇಲೆ ಅವನು ಪರದೆ ಹತ್ರ ಬರ್ಲಿ. ಠಾಣೆ ತನಕ ನಾನೇ ಜೊತೆಗೆ ನಡೀತೀನಿ. ದಾರೀಲಿ ಯಾರಾದ್ರೂ ಅವನ ಮೇಲೆ ಕೈ ಎತ್ತಿದ್ರೆ, ಮೊದಲು ನನ್ನ ಹೊಡೀಲಿ.”

ಈಗ ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ತಲೆ ಬಾಗಿಸಿ, ಮಾತಿಲ್ಲದೆ ನಿಲ್ಲೋಣ. ಅವನೂ ನಿಲ್ಲಲಿ.